ಇಲ್ಲದ ಪರದೆಯ ಮೇಲೆ ತೆರೆದ ಕಿಟಕಿ

“ಕೈ ತೆಗೀರಿ.”

ಅದನ್ನು ಹೇಳಿದ್ದು ನಾನೇ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಎಂಜಿನಿಯರ್ ಮೌಸ್ ಹಿಡಿದಿದ್ದ. ಅವನ ಕೈಯ ಮೇಲೆ ನನ್ನ ಕೈ ಇತ್ತು. ಪರದೆಯ ಮೇಲೆ ಒಂದು ಪ್ರಶ್ನೆ ಕಾದು ನಿಂತಿತ್ತು: ಉಳಿಸಿದ ಸ್ಥಿತಿಯನ್ನು ಅಳಿಸಲೇ? ಬಾಣದ ತುದಿ ‘ಹೌದು’ ಎಂಬುದನ್ನು ಮುಟ್ಟಿಕೊಂಡೇ ಇತ್ತು.

“ಯಾರಮ್ಮ ನೀನು?” ಎಂದ ಎಂಜಿನಿಯರ್. ಟೈ ಕಟ್ಟಿದ್ದ. ಟೈಯ ತುದಿಯನ್ನು ಅಂಗಿಯ ಗುಂಡಿಗಳ ನಡುವೆ ಸಿಕ್ಕಿಸಿಕೊಂಡಿದ್ದ.

ಬಾಗಿಲಲ್ಲಿ ನಿಂತಿದ್ದ ಅಳಿಯಂದಿರು ನಕ್ಕರು. ಕನ್ನಡಕದ ಗಾಜು ಉಜ್ಜುವ ಈ ಲ್ಯಾಬಿನ ಯಜಮಾನಿಯ ಮಗಳ ಗಂಡ. ಕೆಲಸದವರೆಲ್ಲ ಅವರನ್ನು ಹಾಗೇ ಕರೆಯುವುದು. “ಅವಳಾ? ನಮ್ಮ ಆರೋಪಿಯ ತಂಗಿ. ಮೂಗಿ ಅಂತ ಹೆಸರು. ಬೀದಿ ಕೊನೇಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇದೆಯಲ್ಲ, ಅಲ್ಲಿ ಧೂಳು ಒರೆಸ್ತಾಳೆ. ಓದಿದ್ದು ಎಂಟನೇ ಕ್ಲಾಸು. ನೀವು ನಿಮ್ಮ ಕೆಲಸ ಮಾಡಿ.”

ನಾನು ಕೈ ತೆಗೆಯಲಿಲ್ಲ.

ಕ್ರೇನ್ ನಡೆಸುವವನೊಬ್ಬನ ಹೊಸ ಕನ್ನಡಕದ ಎಡಗಾಜನ್ನು ಕೂರಿಸುವ ಕೋನ ನೂರು ಇರಬೇಕಾದಲ್ಲಿ ಹತ್ತಾಗಿ, ಅವನು ಅಂದಾಜು ತಪ್ಪಿ ಇಳಿಸಿದ ಕಬ್ಬಿಣದ ತೊಲೆ ಇನ್ನೊಬ್ಬನ ಕಾಲು ಜಜ್ಜಿ ಅಂದಿಗೆ ಮೂರು ದಿನ; ಆ ಗಾಜಿನ ಚೀಟಿಯ ಮೇಲೆ ಅಕ್ಕನ ಸಂಖ್ಯೆ ಅಚ್ಚಾಗಿತ್ತು.

ಹದಿನಾಲ್ಕು. ಲ್ಯಾಬಿನ ಕಂಪ್ಯೂಟರಿನಲ್ಲಿ ಅಳತೆ ದಾಖಲಿಸುವ ಅಕ್ಕನ ಸಂಖ್ಯೆ.

ಅಕ್ಕ ಅಲ್ಲೇ ಗೋಡೆಗೆ ಒರಗಿ, ಕೈ ಕಟ್ಟಿ ನಿಂತಿದ್ದಳು. ಅವಳ ಮುಂದಿನ ಮೇಜಿನ ಮೇಲೆ ಟೈಪ್ ಮಾಡಿದ ಒಂದು ಹಾಳೆ. ‘ನನ್ನ ಅಜಾಗರೂಕತೆಯಿಂದ’ ಎಂದು ಶುರುವಾಗುವ ಹಾಳೆ. ನಾಲ್ಕು ಗಂಟೆಗೆ ಕಾರ್ಮಿಕ ಇಲಾಖೆಯ ತನಿಖಾಧಿಕಾರಿ ಬರುವ ಹೊತ್ತಿಗೆ ಅದರ ಕೆಳಗೆ ಅಕ್ಕನ ಸಹಿ ಇರಬೇಕೆಂದು ಅಳಿಯಂದಿರ ಅಪ್ಪಣೆ. ಸಹಿ ಬಿದ್ದರೆ ಇನ್ಯಾವ ಲ್ಯಾಬಿನಲ್ಲೂ ಅವಳು ಗಾಜು ಮುಟ್ಟುವಂತಿಲ್ಲ. ಕಾಲು ಹೋದವನ ಕಡೆಯವರು ಬಿಡದಿದ್ದರೆ ಜೈಲು.

“ನಾನು ಮಾಡದ ತಪ್ಪಿಗೆ ಸಹಿ ಹಾಕೋಕೆ ನಾನೇನು ರಬ್ಬರ್ ಸ್ಟಾಂಪಾ?” ಎಂದು ಅಕ್ಕ ಬೆಳಗಿನಿಂದ ಮೂರು ಸಲ ಹೇಳಿದ್ದಳು. ಮೂರು ಸಲವೂ ದನಿ ಏರಿಸಿರಲಿಲ್ಲ.

“ಇದರಲ್ಲಿ ಏನಿದೆ ಅಂತ ಇಷ್ಟು ಹಟ?” ಎಂದು ಎಂಜಿನಿಯರ್ ನನ್ನನ್ನೇ ಕೇಳಿದ. “ಗಾಜಿನ ಲೆಕ್ಕದ ಈ ಯಂತ್ರ ತೆರೆದರೆ ಬರೀ ಕಪ್ಪು. ಒಳಗಿನ ಗ್ರಾಫಿಕ್ಸ್ ಕೆಟ್ಟಿದೆ. ವಿಡಿಯೋ ಮೆಮೊರಿ ಜಾಸ್ತಿ ಮಾಡಬೇಕು, ತ್ರೀಡೀ ಆಫ್ ಮಾಡಬೇಕು. ಆ ಆಯ್ಕೆಗಳೆಲ್ಲ ಬೂದು ಬಣ್ಣಕ್ಕೆ ತಿರುಗಿ ಕೂತಿವೆ. ಉಳಿಸಿದ ಸ್ಥಿತಿ ಅಳಿಸಿದರೆ ಮಾತ್ರ ಕೈಗೆ ಸಿಗೋದು.”

“ಅಳಿಸಿದರೆ ಅದು ಕರೆಂಟ್ ಹೋಗಿ ಬಂದ ಹಾಗೆ ಏಳುತ್ತೆ,” ಎಂದೆ. “ಮಲಗೋ ಮುಂಚೆ ಅದರ ಮುಂದೆ ಯಾರು ಕೂತಿದ್ರು, ಏನು ಬರೆದಿದ್ರು, ಎಲ್ಲ ಹೋಗುತ್ತೆ.”

“ಹೋಗಲಿ ಬಿಡು,” ಎಂದರು ಅಳಿಯಂದಿರು.

“ಯಾಕೆ ಹೋಗಲಿ?” ಎಂದೆ.

ಆಗ ಒಳಕೋಣೆಯಿಂದ ಯಜಮಾನಿ ಬಂದರು. ಇವರಿಗೆ ಇಲ್ಲಿ ದೊಡ್ಡಮ್ಮ ಎನ್ನುತ್ತಾರೆ. ನಲವತ್ತು ವರ್ಷ ತಾವೇ ಗಾಜು ಉಜ್ಜಿದವರು. ಎಡಗೈಯ ಹೆಬ್ಬೆರಳಿನ ಉಗುರು ಸವೆದು ಅರ್ಧವಾಗಿದೆ. ನನ್ನನ್ನು ನೋಡಿದರು, ಗೋಡೆ ಗಡಿಯಾರ ನೋಡಿದರು.

“ಒಂದೂವರೆ. ನಾಲ್ಕರವರೆಗೆ ಹುಡುಗಿ ನೋಡಲಿ. ಹೇಗಿದ್ದರೂ ಕೆಟ್ಟದ್ದು ತಾನೆ, ಇನ್ನೇನು ಕೆಡುತ್ತೆ?”

“ಅತ್ತೆ...”

“ಅತ್ತೆ ಅನ್ನೋದು ಮನೇಲಿ.”

ಎಂಜಿನಿಯರ್ ಟೈಯನ್ನು ಗುಂಡಿಗಳಿಂದ ಬಿಡಿಸಿಕೊಂಡು ಹೊರಟ.

*

ಈ ಲ್ಯಾಬಿನಲ್ಲಿ ಗಾಜಿನ ಲೆಕ್ಕ ಹಾಕುವ ತಂತ್ರಾಂಶ ತೀರ ಹಳೆಯದು. ಈಗಿನ ಕಂಪ್ಯೂಟರಿನಲ್ಲಿ ಅದು ಓಡುವುದಿಲ್ಲ. ಅದಕ್ಕೆಂದೇ ಹೊಸ ಕಂಪ್ಯೂಟರಿನೊಳಗೆ ಒಂದು ಹಳೆಯ ಕಂಪ್ಯೂಟರನ್ನು ಸಾಕಿಕೊಂಡಿದ್ದಾರೆ. ವರ್ಚುವಲ್ ಮಷೀನ್. ಕಣ್ಣಿಗೆ ಅದು ಒಂದು ಕಿಟಕಿ ಮಾತ್ರ. ಒಳಗೆ ಅದಕ್ಕೆ ತನ್ನದೇ ನೆನಪು, ತನ್ನದೇ ಗಡಿಯಾರ. ನನಗೆ ಕೆಲಸ ಕಲಿಸಿದ ಅಂಗಡಿ ಅಜ್ಜ ಅದನ್ನು ‘ಬಾಡಿಗೆಯವರು’ ಎನ್ನುತ್ತಾರೆ. ಮನೆ ನಮ್ಮದು, ಒಳಗಿನ ಸಂಸಾರ ಅವರದು.

ಇಡೀ ಬಾಡಿಗೆಯವರು ಒಂದು ಹೊರಗಿನ ಡಿಸ್ಕಿನಲ್ಲಿದ್ದರು. ಅಂಗೈಯಗಲದ ಡಿಸ್ಕು. ನಾನು ಅದನ್ನು ತೆರೆಯಲಿಲ್ಲ. ಮೊದಲು ನಕಲು, ಆಮೇಲೆ ಕೈ: ಇದು ಅಜ್ಜನ ಪಾಠ. ನಕಲಾಗಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅಳಿಯಂದಿರು ಕೀಲಿಗೊಂಚಲನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಿದ್ದರು.

“ನಿನ್ನ ತಂಗಿ ನಿನ್ನನ್ನ ಬಿಡಿಸಿಕೊಂಡು ಹೋಗ್ತಾಳೆ ಅಂದ್ಕೊಂಡಿದ್ದೀಯಾ?” ಎಂದು ಅಕ್ಕನನ್ನು ಕೇಳಿದರು.

“ಅವಳು ಹಟ ಹಿಡಿದರೆ ಊಟ ಬಿಡ್ತಾಳೆ, ಹಟ ಬಿಡಲ್ಲ,” ಎಂದಳು ಅಕ್ಕ. “ನೀವು ಊಟ ಮಾಡಿ ಬನ್ನಿ.”

ನಕಲನ್ನು ತೆರೆದೆ. ಬಾಡಿಗೆಯವರು ಎದ್ದರು.

ಕಪ್ಪು.

ಅಕ್ಕನ ಪರದೆ ಹಳೆಯ ಚೌಕ ಪರದೆ. ಆ ಚೌಕದ ತುಂಬ ಮಸಿ ಬಳಿದಂತೆ ಕಪ್ಪು. ಇದನ್ನೇ ನೋಡಿ ಎಲ್ಲರೂ ಹನ್ನೊಂದು ದಿನದಿಂದ ಕೆಟ್ಟಿದೆ ಎನ್ನುತ್ತಿದ್ದರು. ನಾನು ಮಾತಾಡುವುದು ಕಡಿಮೆ. ನೋಡುವುದಕ್ಕೆ ಮಾತ್ರ ಹೆಚ್ಚು ಸಮಯ ಸಿಗುತ್ತದೆ. ನೋಡಿದೆ.

ಕಿಟಕಿಯ ಕೆಳಗೆ ಚಿತ್ರವನ್ನು ಅತ್ತಿತ್ತ ಸರಿಸುವ ಒಂದು ಉರುಳುಪಟ್ಟಿ ಇತ್ತು. ಎಂದರೆ ಒಳಗಿನ ಚಿತ್ರ ಈ ಚೌಕಕ್ಕಿಂತ ಅಗಲ. ಕಪ್ಪಿನ ನಡುವೆ ಒಂದು ಬಿಳಿ ಬಾಣವೂ ಇತ್ತು. ನನ್ನ ಮೌಸ್ ಅಲುಗಿದಂತೆ ಅದೂ ಅಲುಗಿತು.

ಗ್ರಾಫಿಕ್ಸ್ ಸತ್ತಿದ್ದರೆ ಬಾಣವನ್ನು ಬರೆದವರು ಯಾರು?

ಬಾಣವನ್ನು ಎಡಕ್ಕೆ ತಳ್ಳಿದೆ. ಗೋಡೆಗೆ ತಾಗಿದ ಹಾಗೆ ನಿಂತಿತು. ಮೇಲಕ್ಕೆ ತಳ್ಳಿದೆ, ನಿಂತಿತು. ಕೆಳಗೂ ನಿಂತಿತು. ಉರುಳುಪಟ್ಟಿಯನ್ನು ಕೊನೆಯವರೆಗೆ ಎಳೆದು, ಬಾಣವನ್ನು ಬಲಕ್ಕೆ ತಳ್ಳಿದೆ.

ಬಾಣ ಮಾಯವಾಯಿತು.

ಮೌಸನ್ನು ವಾಪಸ್ ಎಳೆದೆ. ಬಾಣ ಬಲ ಅಂಚಿನಿಂದ ಏನೂ ಆಗದವರ ಹಾಗೆ ಒಳಗೆ ಬಂತು. ಮತ್ತೆ ತಳ್ಳಿದೆ. ಮತ್ತೆ ಹೋಯಿತು.

“ಅಕ್ಕ, ಇಲ್ಲಿ ಬಾ.”

ಅಕ್ಕ ಬಂದು ನೋಡಿದಳು. “ಎಲ್ಲಿಗೆ ಹೋಗ್ತಿದೆ ಅದು?”

“ಪಕ್ಕದ ಪರದೆಗೆ.”

“ಪಕ್ಕದಲ್ಲಿ ಪರದೆ ಎಲ್ಲಿದೆಯೇ? ಪಕ್ಕದಲ್ಲಿ ಗೋಡೆ ಇದೆ.”

“ನಮಗೆ ಗೋಡೆ. ಬಾಡಿಗೆಯವರಿಗೆ ಅಲ್ಲಿ ಪರದೆ ಇದೆ. ತಮಗೆ ಎರಡು ಪರದೆ ಅಂತ ಅವರು ನಂಬಿದ್ದಾರೆ.”

ಹೊರಗಿನ ಕಂಪ್ಯೂಟರಿನ ಕೆಳಪಟ್ಟಿ ನೋಡಿದೆ. ಈ ಒಂದು ಯಂತ್ರದ ಹೆಸರಿನಲ್ಲಿ ಒಂದಲ್ಲ, ಎರಡು ಕಿಟಕಿಗಳಿದ್ದವು. ಎರಡನೆಯದನ್ನು ಒತ್ತಿದೆ. ಏನೂ ಕಾಣಲಿಲ್ಲ. ಅದು ತೆರೆದೇ ಇತ್ತು, ಇಲ್ಲದ ಪರದೆಯ ಮೇಲೆ. ಕೀಲಿಮಣೆಯಿಂದಲೇ ‘ಸರಿಸು’ ಎಂದು ಹೇಳಿ, ಎಡಬಾಣದ ಕೀಲಿಯನ್ನು ಒತ್ತಿ ಹಿಡಿದೆ.

ಒಂದು, ಎರಡು, ಹತ್ತು ಎಣಿಸಿದೆ. ಬಲ ಅಂಚಿನಿಂದ ಬೂದುಬಣ್ಣದ ಒಂದು ಗೆರೆ ಬಂತು. ಗೆರೆ ಪಟ್ಟಿಯಾಯಿತು. ಪಟ್ಟಿಯಲ್ಲಿ ಅಕ್ಷರಗಳು.

ಅಕ್ಕ ನನ್ನ ಭುಜ ಹಿಡಿದಳು.

ಗಾಜಿನ ತಂತ್ರಾಂಶವೇ ಅದು. ಜೀವಂತವಾಗಿತ್ತು. ನಾವು ಇಷ್ಟು ದಿನ ನೋಡುತ್ತಿದ್ದ ಕಪ್ಪು ಮೊದಲ ಪರದೆಯ ಖಾಲಿ ಹಿನ್ನೆಲೆ ಮಾತ್ರ. ಕೆಟ್ಟಿದ್ದು ಏನೂ ಇರಲಿಲ್ಲ. ಎಲ್ಲರೂ ಖಾಲಿ ಕೋಣೆಯ ಬಾಗಿಲಲ್ಲಿ ನಿಂತು ಮನೆಯಲ್ಲಿ ಯಾರೂ ಇಲ್ಲ ಎಂದಿದ್ದರು.

ಪುಟದ ಮೇಲೆ ಕ್ರೇನಿನವನ ಹೆಸರು. ಎಡಗಣ್ಣು, ಕೋನ: 10. ದಾಖಲಿಸಿದವರು: 14. ಶನಿವಾರ, ಸಂಜೆ 5.58.

ಬೆನ್ನ ಹಿಂದೆ ಅಳಿಯಂದಿರು ಚಪ್ಪಾಳೆ ತಟ್ಟಿದರು. ಊಟಕ್ಕೆ ಹೋಗಿರಲೇ ಇಲ್ಲ. “ಭಲೇ ಮೂಗಿ! ನಾವು ಒಂದು ಚೀಟಿ ಇಟ್ಕೊಂಡು ಒದ್ದಾಡ್ತಿದ್ವಿ. ನೀನು ಮೂಲ ಸಾಕ್ಷಿಯನ್ನೇ ಹೊರಗೆ ತೆಗೆದೆ. ಗೇಟಿನ ಪುಸ್ತಕದಲ್ಲಿ ನಿಮ್ಮಕ್ಕ ಶನಿವಾರ ಹೊರಗೆ ಹೋಗಿದ್ದು ಆರೂ ಐದಕ್ಕೆ. ಐದೂ ಐವತ್ತೆಂಟಕ್ಕೆ ಅವಳು ಈ ಕುರ್ಚಿಯಲ್ಲೇ ಇದ್ಳು.”

ಅಕ್ಕನ ಕೈ ನನ್ನ ಭುಜದಿಂದ ಜಾರಿತು.

ನಾನು ಪರದೆಯ ಮೂಲೆ ನೋಡುತ್ತಿದ್ದೆ. ಕಿಟಕಿಯನ್ನು ಹಿಡಿದು ಎಳೆದು ಚಿಕ್ಕದು ಮಾಡಿದೆ. ಒಳಗಿನ ಚಿತ್ರ ಅದಕ್ಕೆ ಹೊಂದಿಕೊಳ್ಳಲಿಲ್ಲ. ಇದ್ದಷ್ಟೇ ಇದ್ದು ಉರುಳುಪಟ್ಟಿ ತೋರಿಸಿತು. ಎರಡು ಸಲ ಮಾಡಿದೆ. ಎರಡು ಸಲವೂ ಹಾಗೇ.

ಬಾಡಿಗೆಯವರ ಮನೆಯಲ್ಲಿ ಒಬ್ಬ ಸಹಾಯಕ ಇರಬೇಕು. ಅದೊಂದು ಚಿಕ್ಕ ತಂತ್ರಾಂಶ, ಹಿಂದೆ ನಿಂತು ಎರಡು ಕೆಲಸ ಮಾಡುತ್ತದೆ. ಕಿಟಕಿಯ ಅಳತೆಗೆ ಚಿತ್ರ ಹೊಂದಿಸುವುದು ಒಂದು. ಹೊರಗಿನ ಗಡಿಯಾರ ನೋಡಿ ಒಳಗಿನ ಗಡಿಯಾರ ತಿದ್ದುವುದು ಇನ್ನೊಂದು. ಚಿತ್ರ ಹೊಂದುತ್ತಿಲ್ಲವೆಂದರೆ ಸಹಾಯಕ ಮಲಗಿದ್ದಾನೆ. ಅವನು ಮಲಗಿದ್ದರೆ ಗಡಿಯಾರವನ್ನೂ ಯಾರೂ ತಿದ್ದಿಲ್ಲ.

“ಇವತ್ತು ಯಾವ ವಾರ?” ಎಂದೆ.

“ಪಾಪ, ತಲೆ ಕೆಟ್ಟಿತು,” ಎಂದರು ಅಳಿಯಂದಿರು. “ಶುಕ್ರವಾರ ಕಣಮ್ಮ.”

“ಇದರೊಳಗೆ ನೋಡಿ.”

ಪರದೆಯ ಮೂಲೆಯಲ್ಲಿ ಪುಟ್ಟ ಗಡಿಯಾರ. ಶನಿವಾರ, ಸಂಜೆ 6.24.

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದರು. “ಇದೇನು, ಹಿಂದಿನ ಶನಿವಾರದಲ್ಲೇ ನಿಂತಿದೆ?”

“ಅದಕ್ಕೂ ಹಿಂದಿನದು. ನಿಂತಿಲ್ಲ, ಮಲಗಿತ್ತು. ಅಕ್ಕ, ದಿನಾ ಸಂಜೆ ಇದನ್ನ ಏನು ಮಾಡ್ತೀಯ?”

ಅಕ್ಕ ತುಟಿ ಕಚ್ಚಿದಳು. ಅದನ್ನು ಹೇಳುವುದು ಅವಳಿಗೆ ಇಷ್ಟವಿಲ್ಲ ಎಂದು ನನಗೆ ಗೊತ್ತಿತ್ತು. ಕೇಳದೆ ಬೇರೆ ದಾರಿ ಇರಲಿಲ್ಲ.

“ಮಲಗಿಸ್ತೀನಿ,” ಎಂದಳು. “ಪೂರ್ತಿ ಆರಿಸಿದರೆ ಬೆಳಿಗ್ಗೆ ಏಳೋಕೆ ಹತ್ತು ನಿಮಿಷ ಬೇಕು. ಅದಕ್ಕೆ ಹೇಗಿದೆಯೋ ಹಾಗೇ ಮಲಗಿಸ್ತೀನಿ. ಎಲ್ಲರೂ ಹಾಗೇ ಮಾಡ್ತಾರೆ.”

“ನಿನ್ನ ಸಂಖ್ಯೆ ತೆಗೆದು ಮಲಗಿಸ್ತೀಯಾ?”

“... ಇಲ್ಲ.”

“ತೆಗೀಬೇಕು ಅಂತ ನಿಯಮ ಇದೆ,” ಎಂದರು ದೊಡ್ಡಮ್ಮ.

“ಇದೆ ದೊಡ್ಡಮ್ಮ. ಆ ತಪ್ಪು ನನ್ನದೇ. ಅದಕ್ಕೆ ಬೇಕಾದರೆ ಈಗಲೇ ಸಹಿ ಹಾಕ್ತೀನಿ.”

ನಾನು ಎದ್ದು ನಿಂತೆ. ಕುಳಿತು ಹೇಳಿದರೆ ದನಿ ಹೊರಡುವುದಿಲ್ಲ ಎನಿಸಿತು.

“ಅಕ್ಕ ಶನಿವಾರ ಐದೂ ಐವತ್ತಕ್ಕೆ ಮಲಗಿಸಿದ್ಳು ಅಂತಿಟ್ಕೊಳ್ಳಿ. ಆಮೇಲೆ ಯಾರೋ ಎಬ್ಬಿಸಿದ್ದಾರೆ. ಅದು ಎದ್ದಾಗ ಅದರ ಲೆಕ್ಕದಲ್ಲಿ ಇನ್ನೂ ಶನಿವಾರ ಐದೂ ಐವತ್ತು. ಅದರ ಕಣ್ಣಿಗೆ ಎದುರಿಗೆ ಕೂತಿರೋದು ಇನ್ನೂ ಹದಿನಾಲ್ಕನೇ ಸಂಖ್ಯೆ. ಎಂಟು ನಿಮಿಷ ಬಿಟ್ಟು ಕ್ರೇನಿನವರ ಅಳತೆ ಬರೆದಿದ್ದಾರೆ. ಯಾರು ಬರೆದರೂ ಅದು ಅಕ್ಕನೇ ಅನ್ನುತ್ತೆ. ಯಾವತ್ತು ಬರೆದರೂ ಶನಿವಾರ ಅನ್ನುತ್ತೆ.”

“ಕತೆ,” ಎಂದರು ಅಳಿಯಂದಿರು.

“ಸೋಮವಾರ ಬೆಳಿಗ್ಗೆ,” ಎಂದಳು ಅಕ್ಕ ನಿಧಾನವಾಗಿ, “ತೆರೆದ ತಕ್ಷಣ ಕಪ್ಪು ಬಂತು. ಆದರೆ ಪ್ರಿಂಟರ್ ಒಂದು ಚೀಟಿ ಉಗುಳಿತು. ಶನಿವಾರದ್ದು ಉಳಿದಿತ್ತೇನೋ ಅಂದ್ಕೊಂಡು ಉಜ್ಜೋರ ತಟ್ಟೇಲಿ ಇಟ್ಟೆ. ನೆನಪಿಲ್ಲದ ಚೀಟಿ. ಒಂದು ಸಲ ಅನುಮಾನ ಬಂತು. ನೋಡ್ಲಿಲ್ಲ.”

ಅವಳ ಕಣ್ಣು ತುಂಬಿತ್ತು. ಅದು ತನಗಾಗಿ ಅಲ್ಲ, ಆ ಜಜ್ಜಿದ ಕಾಲಿಗಾಗಿ ಎಂದು ನನಗೆ ಗೊತ್ತು.

“ಯಾವತ್ತು ಎಬ್ಬಿಸಿದರು ಅಂತ ಹೇಳಬಲ್ಲೆಯಾ?” ಎಂದರು ದೊಡ್ಡಮ್ಮ. “ಬರೀ ಬಾಯಲ್ಲಿ ಬೇಡ.”

“ಬಾಡಿಗೆಯವರ ಗಡಿಯಾರ ಮಲಗುತ್ತೆ. ಮನೆಯೊಡೆಯನದು ಮಲಗಲ್ಲ.”

ತೆರೆದಾಗಲೆಲ್ಲ ಹೊರಗಿನ ಕಂಪ್ಯೂಟರ್ ಆ ಡಿಸ್ಕಿನಲ್ಲೇ ಒಂದು ದಿನಚರಿ ಬರೆದಿಡುತ್ತದೆ, ತನ್ನ ಗಡಿಯಾರದ ಪ್ರಕಾರ. ಕೊನೆಯ ನಾಲ್ಕನ್ನು ಮಾತ್ರ ಇಟ್ಟುಕೊಂಡು ಹಳೆಯದನ್ನು ಬಿಸಾಡುತ್ತದೆ. ಮೂಲ ಡಿಸ್ಕಿನಲ್ಲಿ ನಾಲ್ಕಿದ್ದವು. ಇವತ್ತು ಎಂಜಿನಿಯರ್ ತೆರೆದದ್ದು ಒಂದು. ಸೋಮವಾರ ಅಕ್ಕ ಎರಡು ಸಲ ತೆರೆದು ನೋಡಿದ್ದು ಎರಡು. ಮೂಲವನ್ನು ಇನ್ನೊಮ್ಮೆ ತೆರೆದಿದ್ದರೆ ನಾಲ್ಕನೆಯದು ಬಿದ್ದುಹೋಗುತ್ತಿತ್ತು.

ನಾಲ್ಕನೆಯದನ್ನು ತೆರೆದು, ದೊಡ್ಡಮ್ಮನಿಗೆ ಕಾಣುವಂತೆ ಅಕ್ಷರ ದಪ್ಪ ಮಾಡಿದೆ.

“ಭಾನುವಾರ,” ಎಂದು ಅವರೇ ಓದಿದರು. “ಬೆಳಿಗ್ಗೆ ಹತ್ತು ಹದಿನೇಳರಿಂದ ಹತ್ತು ನಲವತ್ತೊಂದು.”

“ಭಾನುವಾರ ಲ್ಯಾಬಿಗೆ ಬೀಗ,” ಎಂದೆ. “ಮತ್ತೆ ಅವತ್ತು ಇದು ಓಡಿದ್ದು ಈ ಕಂಪ್ಯೂಟರಿನಲ್ಲಿ ಅಲ್ಲ. ಎರಡು ಪರದೆ ಇರೋ ಕಂಪ್ಯೂಟರಿನಲ್ಲಿ. ಅಲ್ಲಿ ಎರಡೂ ಪರದೆಯ ಅಳತೆ ಕೈಯಾರೆ ಕೊಟ್ಟು, ಪುಟವನ್ನ ಪಕ್ಕದ ಪರದೆಗೆ ಎಳೆದಿಟ್ಕೊಂಡು ಕೆಲಸ ಮಾಡಿ, ಹಾಗೇ ಮಲಗಿಸಿ, ಡಿಸ್ಕನ್ನ ತಂದು ಇಟ್ಟಿದ್ದಾರೆ. ಅದಕ್ಕೇ ಇಲ್ಲಿ ಕಪ್ಪು ಬಂದಿದ್ದು.”

ದೊಡ್ಡಮ್ಮ ತಿರುಗಿ ಅಳಿಯನನ್ನು ನೋಡಿದರು. ಕೀಲಿಗೊಂಚಲು ತಿರುಗುವುದು ನಿಂತಿತ್ತು.

“ಡಿಸ್ಕು ಎಲ್ಲಿರುತ್ತೆ?” ಎಂದು ಅವರು ಕೇಳಿದರು. ಉತ್ತರ ಗೊತ್ತಿದ್ದೇ ಕೇಳಿದರು.

“ಈ ಡ್ರಾಯರಿನಲ್ಲಿ,” ಎಂದಳು ಅಕ್ಕ. “ಸಂಜೆ ಬೀಗ ಹಾಕಿ ಹೋಗ್ತೀನಿ.”

“ಬೀಗಕ್ಕೆ ಎರಡು ಕೀಲಿ. ಒಂದು ಇವಳ ಹತ್ತಿರ. ಇನ್ನೊಂದು?”

ಅಳಿಯಂದಿರ ಕಿವಿ ಕೆಂಪಾಯಿತು.

“ಮೇಲೆ ನಿಮ್ಮ ಕೋಣೇಲಿ ಎರಡು ಪರದೆ ಇದೆ,” ಎಂದೆ ನಾನು. “ಕಳೆದ ವರ್ಷ ಕೂರಿಸೋಕೆ ಬಂದಿದ್ದು ನಮ್ಮ ಅಂಗಡಿಯವರೇ.”

ಲ್ಯಾಬಿನಲ್ಲಿ ಉಜ್ಜುವ ಯಂತ್ರ ನಿಂತಿತು. ಉಜ್ಜುತ್ತಿದ್ದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು.

“ಬಾ,” ಎಂದರು ಅಳಿಯಂದಿರು. “ಬಾ ಮೂಗಿ. ಆ ನಿನ್ನ ನಕಲನ್ನೂ ತಗೊಂಡು ಬಾ. ನನ್ನ ಕಂಪ್ಯೂಟರಿನಲ್ಲೇ ಹಾಕು. ಅದು ಅಲ್ಲಿದ್ದಿದ್ದು ಹೌದಾದರೆ ಆ ಹಾಳೆಗೆ ನಾನೇ ಸಹಿ ಹಾಕ್ತೀನಿ. ಅಲ್ಲ ಅಂದರೆ ನಿಮ್ಮಕ್ಕ ಹಾಕ್ತಾಳೆ. ಒಪ್ಪಿಗೆಯಾ?”

“ಅಕ್ಕನ ಪರವಾಗಿ ಒಪ್ಪೋಕೆ ನಾನು ಯಾರು?” ಎಂದೆ. “ನಾನು ಬರ್ತೀನಿ. ಅಷ್ಟೇ.”

*

ಮೂರೂ ಕಾಲು. ಮೆಟ್ಟಿಲು ಹತ್ತುವಾಗ ಅಕ್ಕ ನನ್ನ ಹಿಂದಿದ್ದಳು. ಅವಳ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು.

ಕೋಣೆ ತಣ್ಣಗಿತ್ತು. ಉದ್ದ ಮೇಜು, ಗೋಡೆಗೆ ಅಡ್ಡಡ್ಡ ಎರಡು ಅಗಲ ಪರದೆಗಳು. ನಕಲಿನ ಡಿಸ್ಕು ಸಿಕ್ಕಿಸಿದೆ. ಬಾಡಿಗೆಯವರು ಹಿಂದೆ ಇದ್ದ ಮನೆ ಇದೇ ಆಗಿದ್ದರೆ, ಅವರ ಎರಡೂ ಕಿಟಕಿಗಳು ತಮ್ಮ ತಮ್ಮ ಜಾಗದಲ್ಲಿ ಅಳತೆಗೆ ಸರಿಯಾಗಿ ಕೂರಬೇಕು.

ಒತ್ತಿದೆ.

ಎಡ ಪರದೆಯ ಮೇಲೆ ಮೊದಲ ಕಿಟಕಿ ತೆರೆಯಿತು. ಮೂಲೆಯಿಂದ ಮೂಲೆಗೆ, ಒಂದು ಕೂದಲೆಳೆ ಬಿಡದೆ. ಉರುಳುಪಟ್ಟಿ ಇಲ್ಲ. ದೊಡ್ಡಮ್ಮನ ಬಾಯಿಂದ “ಅಯ್ಯೋ” ಎಂದು ಬಂತು. ಅಳಿಯಂದಿರು ಮೇಜಿನ ಅಂಚು ಹಿಡಿದರು.

ಬಲ ಪರದೆಯ ಮೇಲೆ ಎರಡನೆಯದು ತೆರೆಯಿತು.

ಹೊಂದಲಿಲ್ಲ.

ಅಗಲದಲ್ಲಿ ಅದು ಪರದೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ತುಂಬಿತು. ಪಕ್ಕದಲ್ಲಿ ಜಾಗ ಬಿದ್ದುಕೊಂಡಿತ್ತು. ಎತ್ತರದಲ್ಲಿ ಹಿಡಿಸಲೇ ಇಲ್ಲ. ಪುಟದ ತಲೆ ಕಾಣುತ್ತಿತ್ತು, ಕೆಳಗಿನ ಸಾಲುಗಳು ಪರದೆಯಾಚೆ ನೇತಾಡುತ್ತಿದ್ದವು. ಬದಿಯಲ್ಲಿ ಉರುಳುಪಟ್ಟಿ. ಕೆಳಗೆ ಅಕ್ಕನ ಚೌಕ ಪರದೆಯಲ್ಲಿ ಎಲ್ಲವೂ ಹೊರಗೆ ಚಾಚುತ್ತಿದ್ದುದರಿಂದ ಈ ಪುಟದ ಆಕಾರವನ್ನು ನಾನು ಗಮನಿಸಿರಲಿಲ್ಲ. ಆತುರಪಟ್ಟಿದ್ದೆ.

ದಿನಚರಿ ತೆರೆದು ಎರಡನೆಯ ಪರದೆಯ ಅಳತೆ ಹುಡುಕಿದೆ. ಅಗಲ ಸಾವಿರದ ಎಂಬತ್ತು. ಎತ್ತರ ಸಾವಿರದ ಒಂಬೈನೂರ ಇಪ್ಪತ್ತು.

ಎದ್ದು ಹೋಗಿ ಬಲ ಪರದೆಯ ಹಿಂದೆ ಇಣುಕಿದೆ. ಗೋಡೆಗೆ ನಾಲ್ಕು ಬೋಲ್ಟು. ಬೋಲ್ಟಿನ ತಲೆಯ ಮೇಲೂ ಗೋಡೆಯ ಬಣ್ಣ ಹತ್ತಿತ್ತು; ಎಲ್ಲೂ ಬಿರುಕಿಲ್ಲ. ಈ ಪರದೆಯನ್ನು ಯಾರೂ ತಿರುಗಿಸಿಲ್ಲ.

“ಏನಾಯ್ತು?” ಎಂದರು ಅಳಿಯಂದಿರು. ಅವರಿಗೆ ಅರ್ಥವಾಗಿತ್ತು, ನನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದರು.

“ಇಲ್ಲಿದ್ದಿದ್ದಲ್ಲ.”

“ಕೇಳಿಸಲಿಲ್ಲ.”

“ಇದು ಈ ಮೇಜಿನ ಮೇಲೆ ಇದ್ದಿದ್ದಲ್ಲ.”

ಅವರು ಜೋರಾಗಿ ನಕ್ಕರು. ಕುರ್ಚಿಯಲ್ಲಿ ಕುಸಿದು, ಹಣೆ ಒರೆಸಿಕೊಂಡು ನಕ್ಕರು. “ಮೂಗಿ ಬಾಯಿ ಬಿಟ್ಟರೆ ಹೀಗೇ ಆಗೋದು. ಇಡೀ ಲ್ಯಾಬಿನ ಮುಂದೆ ನನ್ನ ಮರ್ಯಾದೆ ತೆಗೆದೆಯಲ್ಲ, ಈಗ ಏನು ಹೇಳ್ತೀಯ?”

ನನ್ನ ಮುಖ ಸುಡುತ್ತಿತ್ತು. ಶಾಲೆಯಲ್ಲಿ ಬೋರ್ಡಿನ ಮುಂದೆ ನಿಂತಾಗ ಹೀಗೇ ಆಗುತ್ತಿತ್ತು, ಆಗ ಓಡಿಹೋಗುತ್ತಿದ್ದೆ. ಈಗ ಕಾಲನ್ನು ನೆಲಕ್ಕೆ ಒತ್ತಿ ಹಿಡಿದೆ.

“ನಿಮ್ಮ ಮೇಲೆ ಹೇಳಿದ್ದು ತಪ್ಪು,” ಎಂದೆ. “ವಾಪಸ್ ತಗೋತೀನಿ. ಕೆಳಗೆ ಹೋಗಿ ಎಲ್ಲರ ಮುಂದೆಯೂ ಹೇಳ್ತೀನಿ. ಅಕ್ಕನ ಮೇಲೆ ನೀವು ಹೇಳಿದ್ದನ್ನ ನೀವು ಯಾವಾಗ ವಾಪಸ್ ತಗೋತೀರಿ?”

ನಗು ನಿಂತಿತು.

“ಎಂಟನೇ ಕ್ಲಾಸಿನವಳ ತಪ್ಪು ಹತ್ತು ನಿಮಿಷದಲ್ಲಿ ಗೊತ್ತಾಯ್ತು,” ಎಂದೆ. “ನಿಮ್ಮದು ಮೂರು ದಿನ ಆದರೂ ಆ ಹಾಳೆ ಮೇಲೆ ಹಾಗೇ ಇದೆ. ಸಮಯ ಸುಳ್ಳು, ದಿನ ಸುಳ್ಳು, ಕಂಪ್ಯೂಟರ್ ಬೇರೆ. ಇನ್ನೇನು ಉಳಿದಿದೆ ಅದರಲ್ಲಿ? ಒಂದು ಸಂಖ್ಯೆ ಮಾತ್ರ. ಅದು ತಾನಾಗಿ ಅಲ್ಲಿ ಕೂತಿದ್ದ ಸಂಖ್ಯೆ.”

“ಕೀಲಿ ಉಳಿದಿದೆ,” ಎಂದರು ದೊಡ್ಡಮ್ಮ.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಗಾಜನ್ನು ಬೆಳಕಿಗೆ ಹಿಡಿದು ನೋಡುವವರ ದನಿ.

“ಎರಡು ಕೀಲಿ. ಇವನದಲ್ಲ ಅಂತ ನೀನೇ ತೋರಿಸಿದೆ. ಹಾಗಾದರೆ ಉಳಿದಿದ್ದು ನಿಮ್ಮಕ್ಕನದು.”

ಕೋಣೆಯ ತಣ್ಣನೆಯ ಗಾಳಿ ಆಗ ನನಗೆ ತಾಗಿತು. ನನ್ನ ಸಾಕ್ಷಿಯೇ ಸುತ್ತು ಹಾಕಿಕೊಂಡು ಬಂದು ಅಕ್ಕನ ಮುಂದೆ ನಿಂತಿತ್ತು.

“ಅಕ್ಕನ ಹತ್ತಿರ ಎರಡು ಪರದೆಯ ಕಂಪ್ಯೂಟರ್ ಎಲ್ಲಿದೆ?” ಎಂದೆ. “ನಮ್ಮ ಮನೇಲಿ ಒಂದು ಟೀವಿಯೂ ನೆಟ್ಟಗಿಲ್ಲ. ಇದನ್ನ ನೋಡಿ ದೊಡ್ಡಮ್ಮ. ಅಗಲಕ್ಕಿಂತ ಎತ್ತರ ಜಾಸ್ತಿ. ಯಾರದೋ ಮೇಜಿನ ಮೇಲೆ ಬಲಗಡೆ ಪರದೆ ಎದ್ದು ನಿಂತಿದೆ. ಅಡ್ಡ ಅಲ್ಲ, ಉದ್ದ. ಉದ್ದುದ್ದ ಪುಟ ಓದೋರು ಹಾಗೆ ತಿರುಗಿಸಿ ಇಟ್ಕೋತಾರೆ. ಸಾವಿರಕ್ಕೆ ಒಂದು ಮೇಜು ಹಾಗಿರುತ್ತೆ. ಆ ಮೇಜು ಹುಡುಕಿದರೆ ಮುಗೀತು. ನನಗೆ ಒಂದು ವಾರ ಕೊಡಿ. ಅಲ್ಲ, ಕೊಡದಿದ್ದರೂ ಹುಡುಕ್ತೀನಿ. ಅಲ್ವಾ ಅಕ್ಕ?”



ತಿರುಗಿ ನೋಡಿದೆ. ಅವಳು ಆ ಬಲ ಪರದೆಯ ಮೇಲೆ ಅರ್ಧ ನೇತಾಡುತ್ತಿದ್ದ ಉದ್ದ ಪುಟವನ್ನೇ ನೋಡುತ್ತಿದ್ದಳು. ಮೇಲೆ ಬಂದಾಗಿನಿಂದ ಕಟ್ಟಿಕೊಂಡಿದ್ದ ಅವಳ ಕೈಗಳು ಬಿಚ್ಚಿಕೊಂಡಿದ್ದವು.

“ಉದ್ದ ಅಂದೆಯಾ?” ಎಂದಳು. “ನಿಲ್ಲಿಸಿದ ಪರದೆ?”

“ಹೌದು.”

“ಭಾನುವಾರ. ಹತ್ತು ಹದಿನೇಳು. ಸರಿಯಾಗಿ ನೋಡಿದೆಯಾ?”

“ದೊಡ್ಡಮ್ಮನೇ ಓದಿದರಲ್ಲ. ಯಾಕೆ?”

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಕೆಳಗಿನಿಂದ ಯಾರೋ ದಾರಿ ತೋರಿಸುತ್ತಿದ್ದರು. ತನಿಖಾಧಿಕಾರಿ ಕಾಲು ಗಂಟೆ ಮುಂಚೆಯೇ ಬಂದಿದ್ದರು. ನಡುವಯಸ್ಸಿನ ಹೆಂಗಸು, ತೋಳಿನಲ್ಲಿ ಫೈಲು, ಮೆಟ್ಟಿಲು ಹತ್ತಿ ಏದುಸಿರು. “ಹೇಳಿಕೆ ಕೊಡೋರು ಯಾರು?” ಎಂದು ಬಾಗಿಲಿನಿಂದಲೇ ಕೇಳಿದರು.

“ನಾನು,” ಎಂದಳು ಅಕ್ಕ.

ಅಳಿಯಂದಿರು ಆ ಟೈಪ್ ಮಾಡಿದ ಹಾಳೆಯನ್ನು ಮೇಲಕ್ಕೂ ತಂದಿದ್ದರು. ಮೇಜಿನ ತುದಿಯಲ್ಲಿ ಬಿದ್ದಿತ್ತು. ಅಕ್ಕ ಅದನ್ನು ತನ್ನತ್ತ ಎಳೆದುಕೊಂಡಳು. ಅಳಿಯಂದಿರ ಜೇಬಿನಿಂದ ಕೇಳದೆಯೇ ಪೆನ್ನು ತೆಗೆದುಕೊಂಡಳು. ಅವರೇ ಬೆಚ್ಚಿ ಹಿಂದೆ ಸರಿದರು.

“ಅಕ್ಕ, ಏನು ಮಾಡ್ತಿದ್ದೀಯ?”

ಅವಳು ಓದದೆ ಸಹಿ ಹಾಕಿದಳು. ಮೂರು ದಿನ ಬಗ್ಗದ ಕೈ ತನ್ನ ಹೆಸರು ಬರೆಯಿತು. ದಿನಾಂಕವನ್ನೂ ಹಾಕಿತು.

“ನಾನೇ ಮಾಡಿದ್ದು ಮೇಡಂ,” ಎಂದಳು. “ಭಾನುವಾರ ಬೆಳಿಗ್ಗೆ ಡಿಸ್ಕು ತಗೊಂಡು ಹೋಗಿ ಬೇರೆ ಕಡೆ ತೆರೆದೆ. ಅಳತೆ ಬರೆದಿದ್ದು ನಾನೇ. ಸೊನ್ನೆ ಬಿಟ್ಟಿದ್ದೂ ನಾನೇ. ಬೇರೆ ಯಾರೂ ಇರಲಿಲ್ಲ.”

“ಎಲ್ಲಿ ತೆರೆದಿರಿ?”

“ಅದು ಬೇಡ. ತಪ್ಪು ನನ್ನದು, ಬರ್ಕೊಳ್ಳಿ.”

ದೊಡ್ಡಮ್ಮ ಕುರ್ಚಿ ಹಿಡಿದು ಕುಳಿತರು. ತನಿಖಾಧಿಕಾರಿ ಫೈಲು ಬಿಚ್ಚಿದರು. ಅಕ್ಕ ನನ್ನ ಕಡೆ ನೋಡಲಿಲ್ಲ. ನನ್ನ ಕೈಯನ್ನು ಮಾತ್ರ ಹಿಡಿದು, ಯಾರಿಗೂ ಕೇಳದ ಹಾಗೆ, “ಇನ್ನು ಹುಡುಕಬೇಡ ಕಣೆ. ನನ್ನಾಣೆ,” ಎಂದಳು.

ಆ ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ನಾವಿಬ್ಬರೂ ಅಡುಗೆಮನೆಯ ಗೋಡೆಗೆ ಬಣ್ಣ ಬಳಿಯುತ್ತಿದ್ದೆವು. ಅಕ್ಕ ಏಣಿಯ ಮೇಲೆ, ನಾನು ಕೆಳಗೆ ಏಣಿ ಹಿಡಿದು. ಅವಳು ಒಂದೇ ಒಂದು ಸಲ ಇಳಿದಿದ್ದಳು. ಬಾಗಿಲು ಬಡಿದ ಸದ್ದಾಗಿ, ಹೊರಗೆ ಹೋಗಿ, ಯಾರಿಗೋ ಮುಷ್ಟಿಯಲ್ಲಿ ಕಿಣಿಗುಟ್ಟುವ ಏನನ್ನೋ ಕೊಟ್ಟು, ಒಂದೇ ನಿಮಿಷದಲ್ಲಿ ಬಂದು ಮತ್ತೆ ಏಣಿ ಹತ್ತಿದ್ದಳು. ಯಾರು ಎಂದು ನಾನು ಕೇಳಿರಲಿಲ್ಲ.

ತನಿಖಾಧಿಕಾರಿ ಬರೆಯಲು ಪೆನ್ನಿನ ಮುಚ್ಚಳ ತೆಗೆದರು.

ನಾನು ಅಕ್ಕನ ಕೈಯಿಂದ ನನ್ನ ಕೈ ಬಿಡಿಸಿಕೊಂಡೆ.

“ಬರೀಬೇಡಿ ಮೇಡಂ,” ಎಂದೆ. “ಸುಳ್ಳು ಹೇಳ್ತಿದ್ದಾಳೆ. ಆ ಹೊತ್ತಿಗೆ ಅವಳು ನನ್ನ ಜೊತೆ ಇದ್ಳು.”

ಅಕ್ಕ ಆಗ ನನ್ನನ್ನು ನೋಡಿದಳು. ಹುಟ್ಟಿದಾಗಿನಿಂದ ಅವಳ ಎಲ್ಲ ನೋಟಗಳನ್ನೂ ನಾನು ಬಲ್ಲೆ. ಈ ನೋಟ ನನಗೆ ಹೊಸದು.

“ಇವಳು ಯಾರು ಅಂತ ನನಗೆ ಗೊತ್ತಿಲ್ಲ ಮೇಡಂ,” ಎಂದಳು ಅಕ್ಕ. “ಹೊರಗೆ ಕಳಿಸಿ.”